ಮೇಲ್ವಿಚಾರಕರ ಅಭಿಪ್ರಾಯ

ಇನ್ನೂರು ಪದ ಮೀರಬಾರದಂತೆ.
ಎಸ್ಟೋನಿಯಾದ ಕಾಲೇಜಿನಿಂದ ಬಂದ ಹಾಳೆ,
ಕೆಳಗೆ ಸಹಿಗೆ ಜಾಗ, ಮೊಹರಿಗೆ ಒಂದು ಚೌಕ.
ಡಾಕ್ಟರು ನನ್ನ ಮೇಜಿಗೆ ತಳ್ಳಿದರು:
'ಮೂರು ತಿಂಗಳು ನಿನ್ನ ಜೊತೆ ಗಾರೆ ಕಲಸಿದ್ದಲ್ವಾ, ನೀನೇ ಹೇಳು,
ಇಂಗ್ಲಿಷ್ ನಾನು ಮಾಡ್ಕೊತೀನಿ.'

ಗಾರೆಯಲ್ಲ ಸಾರ್, ಪ್ಲಾಸ್ಟರು.
ಇಪ್ಪತ್ತೆರಡು ವರ್ಷದಿಂದ ಶಾಂತಿನಗರದ ಈ ಶೆಡ್ಡಿನಲ್ಲಿ
ಉಳಿದಷ್ಟು ಕಾಲಿಗೆ ಒದ್ದೆ ಪಟ್ಟಿ ಸುತ್ತಿ
ಇಲ್ಲದ ಕಾಲಿನ ಅಚ್ಚು ತೆಗೆಯುತ್ತೇನೆ.

ಮೊದಲ ದಿನ ಮಾರಿಟ್ ನನ್ನ ಹೆಸರು ಕೇಳಿದಳು. ತಿಪ್ಪಮ್ಮ ಅಂದೆ.
ಕಣ್ಣರಳಿಸಿದಳು. 'ತಿಪ್ಪ್' ಅಂದರೆ ಅವರಲ್ಲಿ ಶಿಖರವಂತೆ.
ನಮ್ಮಲ್ಲಿ ಅದು ಗೊಬ್ಬರದ ಗುಡ್ಡೆ ಕಣಮ್ಮ,
ಮೂರು ಕೂಸು ಹೋದಮೇಲೆ ಹುಟ್ಟಿದವಳನ್ನ
ತಿಪ್ಪೆ ಮೇಲೆ ಹೊರಳಿಸಿ ಇಟ್ಟ ಹೆಸರು,
ಯಮ ಮೂಗು ಮುಚ್ಚಿಕೊಂಡು ಮುಂದಿನ ಬೀದಿಗೆ ಹೋಗಲಿ ಅಂತ.
ಡಾಕ್ಟರು ಇಷ್ಟನ್ನೂ ಅವಳಿಗೆ ಮುಟ್ಟಿಸುವಷ್ಟರಲ್ಲಿ
ಬಕೆಟ್ಟಿನ ಪ್ಲಾಸ್ಟರು ಕಲ್ಲಾಗಿತ್ತು.
ಅವಳು ಪುಸ್ತಕದಲ್ಲಿ ಬರೆದುಕೊಂಡಳು.

ಎಲ್ಲ ಬರೆದುಕೊಳ್ಳುತ್ತಿದ್ದಳು.
'ಊಟ ಆಯ್ತಾ' ಅಂದರೆ ಲೆಕ್ಕ ಒಪ್ಪಿಸುತ್ತಿದ್ದಳು:
ಬಾಳೆಹಣ್ಣು ಎರಡು, ಬ್ರೆಡ್ಡು, ಮತ್ತೆ ಯಾವುದೋ ಕಪ್ಪು ಚಾಕಲೇಟು.
ಅದೂ ಒಂದು ಊಟವೇ ಅಂತ ನನ್ನ ಮುದ್ದೆ ಮುರಿದು ಕೊಟ್ಟೆ.
ಅಗಿದಳು, ಅಗಿದಳು, ಗೋಡೆಯ ಗಡಿಯಾರ ನೋಡುತ್ತ.
ಅಗಿಯಬಾರದು ಅನ್ನಲು ನನಗೆ ಭಾಷೆ ಇರಲಿಲ್ಲ.
ಗಂಟಲು ತೋರಿಸಿದೆ. ಹೆದರಿದಳು.

ಅವಳ ಪಟ್ಟಿಯಲ್ಲಿ ನಡಿಗೆ ಇತ್ತು, ಮೆಟ್ಟಿಲು, ಇಳಿಜಾರು,
ಹಿಮದ ಮೇಲೆ ಜಾರದಿರುವುದು ಕೂಡ ಇತ್ತು.
ಮುನಿನಂಜಪ್ಪ ಕೇಳಿದ್ದೇ ಬೇರೆ:
ನೆಲದ ಮೇಲೆ ಚಕ್ಕಳಮಕ್ಕಳ ಹಾಕಬಹುದಾ,
ಕುಕ್ಕರುಗಾಲಲ್ಲಿ ಕೂತರೆ ಮುರಿಯುತ್ತಾ,
ಅಣ್ಣಮ್ಮನ ಗುಡಿಯಲ್ಲಿ ಚಪ್ಪಲಿ ಬಿಟ್ಟಮೇಲೆ
ಈ ಕಾಲು ಬರಿಗಾಲು ಅನ್ನಿಸಿಕೊಳ್ಳುತ್ತಾ.
ಮೂರನೆಯದಕ್ಕೆ ಅವಳ ಹತ್ತಿರ ಉತ್ತರವಿರಲಿಲ್ಲ.
ನನ್ನ ಹತ್ತಿರವೂ.

ಅವನು ಬಸ್ ಕಂಡಕ್ಟರು. ಸಕ್ಕರೆ ಕಾಯಿಲೆ ತಿಂದ ಕಾಲು.
ಜೋಡಿ ಕಂಬಿಗಳ ನಡುವೆ
ಟಿಕೆಟ್ ಹರಿಯುವವನ ಹಾಗೆ ಸೊಂಟ ಒರಗಿಸಿ
ಹಿಂದಿನ ಸೀಟಿಗೆ ತಿರುಗುವಂತೆ ತಿರುಗಿದ,
ರಬ್ಬರಿನ ಪಾದ ಅವಳ ಮಂಡಿಗೆ ತಾಗಿತು.
ಬೀಳುತ್ತೇನೆಂಬುದನ್ನೂ ಮರೆತು ಬಗ್ಗಿ
ಅವಳ ಮಂಡಿ ಮುಟ್ಟಿ ಕಣ್ಣಿಗೊತ್ತಿಕೊಂಡ.
'ಇದು ರಬ್ಬರು,' ಅಂದಳು ಇದ್ದಬದ್ದ ಕನ್ನಡದಲ್ಲಿ, 'ನೋವು ಇಲ್ಲ.'
'ತಾಗಿದ್ದು ನನ್ನ ಕಾಲಲ್ವಾ ಮಗಳೇ.'

ಅವತ್ತು ಅವಳು ಏನೂ ಬರೆದುಕೊಳ್ಳಲಿಲ್ಲ.
ಆ ಪಟ್ಟಿಯಲ್ಲಿ ಒಂದು ಪ್ರಶ್ನೆ ಇತ್ತಂತೆ, ಡಾಕ್ಟರು ಆಮೇಲೆ ಹೇಳಿದರು:
ರೋಗಿ ಕೃತಕ ಕಾಲನ್ನು ತನ್ನದೆಂದು ಒಪ್ಪಿದ್ದಾನೆಯೇ,
ಒಂದರಿಂದ ಹತ್ತರೊಳಗೆ ಅಂಕ ಕೊಡಿ.
ಅದೊಂದನ್ನು ಖಾಲಿ ಬಿಟ್ಟಿದ್ದಳು.

ಹೊರಡುವ ವಾರ, ಕರೆಂಟು ಹೋಗಿತ್ತು.
ನೆಲದಲ್ಲಿ ಒಣಗಲಿಟ್ಟ ಅಚ್ಚು, ಯಾರದೋ ಎಡಗಾಲು,
ಎಡವಿದಳು.
ಬಾಗಿಲಲ್ಲಿ ನಾನಿದ್ದದ್ದು ಕಾಣದೆ
ಬಗ್ಗಿ ಮುಟ್ಟಿದಳು, ಬೆರಳು ಕಣ್ಣಿಗೆ.
ಒಂದು ರೆಪ್ಪೆಯ ಮೇಲೆ ಬಿಳಿ ಸಂಜೆತನಕ ಹಾಗೇ ಇತ್ತು.
ಒರೆಸಿಕೋ ಅನ್ನಲಿಲ್ಲ ನಾನು.

ಇದನ್ನೆಲ್ಲ ಎಲ್ಲಿ ತುಂಬಲಿ ಸಾರ್.
ಬರಕೊಳ್ಳಿ: ಸಮಯಕ್ಕೆ ಸರಿಯಾಗಿ ಬರುತ್ತಿದ್ದಳು,
ನಮಗಿಂತ ಮುಕ್ಕಾಲು ಗಂಟೆ ಮುಂಚೆ,
ಕೊನೆಕೊನೆಗೆ ಕೀಲಿ ಅವಳ ಹತ್ತಿರವೇ ಇರುತ್ತಿತ್ತು.
ಪ್ಲಾಸ್ಟರು ತೆಳ್ಳಗೆ ಕಲಸುತ್ತಾಳೆ, ತಿದ್ದಿಕೊಳ್ಳಬೇಕು.
ಮುಂದೆಯೂ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವಿರಾ? ಹೌದು, ಇಲ್ಲ.
ಪೆನ್ನು ಈಸಿಕೊಂಡು ಹೌದಿಗೆ ನಾನೇ ಗುರುತು ಹಾಕಿದೆ.
ಹಾಳೆಯಡಿ ಗಟ್ಟಿಯಾದ ಪ್ಲಾಸ್ಟರಿನ ಹರಳೊಂದು ಇತ್ತು,
ತೂತಾಯಿತು.