ಉಗುಳದ ಗುಟುಕು

ಇಪ್ಪತ್ತೆರಡು ವರ್ಷ ಕಾಫಿ ಹೀರಿ ಉಗುಳಿದ ನಾಲಿಗೆ ನನ್ನದು.
ಕುಶಾಲನಗರದ ಕ್ಯೂರಿಂಗ್ ವರ್ಕ್ಸಿನಲ್ಲಿ, ಬೆಳಗಿನ ಒಂಬತ್ತಕ್ಕೆ,
ಸಾಲು ಲೋಟ, ಒಂದು ಚಮಚ, ಪಕ್ಕದಲ್ಲಿ ಪೀಕದಾನಿ:
ಸೊರ್ರೆಂದು ಎಳೆ, ಬಾಯೆಲ್ಲ ಓಡಿಸು, ಥೂ.
ನುಂಗಿದವಳಿಗೆ ಹತ್ತನೇ ಲೋಟದ ಸುಳ್ಳು ತಿಳಿಯುವುದಿಲ್ಲ.

ಉತ್ತಯ್ಯ ಕರೆದದ್ದು ಅದಕ್ಕೇ.
ಪಾಲಿಬೆಟ್ಟದಾಚೆ, ಅಜ್ಜನ ಹಳೇ ಪಲ್ಪಿಂಗ್ ಶೆಡ್ಡಿನಲ್ಲಿ
ಎರಡು ಸ್ಟೀಲಿನ ಹಂಡೆ, ಒಂದಷ್ಟು ರಬ್ಬರ್ ಪೈಪು,
ಗೋಡೆಗೆ ಇನ್ನೂ ಅಂಟಿದ ಹಣ್ಣುಸಿಪ್ಪೆಯ ನಾತ.
"ಬೆಲ್ಜಿಯಂ ಕಡೆಯ ಹೊಲಮನೆ ಬಿಯರು" ಎಂದ.
ಯೀಸ್ಟು ವಿರಾಜಪೇಟೆಯ ಅಂಚೆಗೆ ಬಂತಂತೆ,
ಅಂಗೈಯಷ್ಟೂ ಇಲ್ಲದ ಪೊಟ್ಟಣ.
"ಬೇರೆಯವನ್ನು ತಣ್ಣಗಿಟ್ಟು ಮುದ್ದು ಮಾಡಬೇಕು.
ಇದಕ್ಕೆ ನಮ್ಮ ಏಪ್ರಿಲ್ ಸಾಕು.
ಹೂಮಳೆಗೆ ಮುಂಚಿನ ಸೆಕೆಯಲ್ಲಿ
ಹಂಡೆಯೊಳಗೆ ಹುದುಗೆದ್ದು ಕುಣಿಯಿತು ನೋಡು."

ಬಿರಡೆ ಬಿಚ್ಚಿದಾಗ ಸದ್ದು:
ಸಾವಿನ ಮನೆಯಲ್ಲಿ ಯಾರೋ ತಡೆಯಲಾರದ ನಗು.
ಬಣ್ಣ ಬಣವೆಯ ಒಳಪದರದ್ದು, ಕೊಂಚ ಮಬ್ಬು.
ನೊರೆ ಲೋಟ ಮೀರಿ ನನ್ನ ನೋಟ್‌ಬುಕ್ಕಿನ ಮೇಲೆ.

ಎಳೆದೆ. ಓಡಿಸಿದೆ. ಕಣ್ಣು ಪೀಕದಾನಿ ಹುಡುಕಿತು.
"ದಮಯಂತಿ, ಇದನ್ನು ನುಂಗಬೇಕು."
ನುಂಗಿದೆ.

ಬರೆದೆ: ಕಿತ್ತಳೆ ಸಿಪ್ಪೆ, ಒಳಗಿನ ಬಿಳಿ ಸಮೇತ.
ಬರೆದೆ: ಕಾಳುಮೆಣಸು, ಈ ತೋಟದ್ದೇ, ಸಿಲ್ವರ್ ಮರಕ್ಕೆ ಹಬ್ಬಿದ್ದು.
ಉತ್ತಯ್ಯ ನಕ್ಕ. "ಒಂದು ಕಾಳೂ ಹಾಕಿಲ್ಲ.
ಅದು ಯೀಸ್ಟಿನದೇ ಘಾಟು."
ಇಪ್ಪತ್ತೆರಡು ವರ್ಷದ ನಾಲಿಗೆ ಬಾಯೊಳಗೆ ತಲೆ ತಗ್ಗಿಸಿತು.
ಇಲ್ಲದ ಬಳ್ಳಿ ಯಾವ ಮರಕ್ಕೆ ಹಬ್ಬಿತ್ತೆಂದೂ ಹೇಳಿಬಿಟ್ಟಿದ್ದೆನಲ್ಲ!

ಆಮೇಲೆ ಕಥೆ ಹೇಳಿದ. ಅಲ್ಲಿ
ಚಳಿಗಾಲದಲ್ಲೇ ಮಾಡಿಟ್ಟು, ಬೇಸಗೆಯ ಕುಯ್ಲಿಗೆ ಬಂದ ಆಳುಗಳಿಗೆ
ಕೂಲಿಯ ಜೊತೆ ಇದನ್ನೇ ಕೊಡುತ್ತಿದ್ದರಂತೆ.
"ಬಾಟಲಿಗೆಷ್ಟು?"
"ನಾನೂರೈವತ್ತು. ಹೋಂಸ್ಟೇಯವರು ಒಯ್ಯುತ್ತಾರೆ."
ಹಿಂದುಗಡೆ ಬೊಳ್ಚಿ ಬಾಟಲಿ ತೊಳೆಯುತ್ತಿದ್ದಳು.
ಅವಳ ಒಂದು ದಿನ ಅಷ್ಟಾಗುವುದಿಲ್ಲ.

ನಾನೇ ಲೋಟ ಹಿಡಿದು ಹೋದೆ. ಕನಿಕರಕ್ಕಲ್ಲ,
ಸೋತ ನಾಲಿಗೆಗೊಂದು ಸಾಕ್ಷಿ ಬೇಕಿತ್ತು.
ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಮೂಸಲಿಲ್ಲ,
ಸದ್ದು ಮಾಡಲಿಲ್ಲ, ನೀರು ಕುಡಿದ ಹಾಗೆ ಅರ್ಧ ಲೋಟ.
"ನಿನ್ನೆಯ ಗಂಜಿತಿಳಿ" ಎಂದಳು. "ಉಪ್ಪು ಮರೆತಿದ್ದಾರೆ."
ಉಳಿದರ್ಧ ಮುಗಿಸಿ,
"ಬೈನೆ ಕಳ್ಳಿನಷ್ಟು ಬರೋದಿಲ್ಲ. ಬಿಸಿಲಿಗೆ ಆದೀತು."
ಮತ್ತೆ ಬ್ರಷ್ಷು, ಮತ್ತೆ ಬಾಟಲಿ.

ಉತ್ತಯ್ಯನ ಮುಖ ನೋಡಬೇಕಿತ್ತು.
ಬಾರ್ಲಿಯ ಜೊತೆ ನುಚ್ಚಕ್ಕಿ ಸೇರಿಸಿದ್ದನ್ನು
ಅವನು ಯಾರಿಗೂ ಹೇಳಿರಲಿಲ್ಲ.

ಮೆಣಸನ್ನು ಹೊಡೆದುಹಾಕಲಿಲ್ಲ.
ಅದರ ಕೆಳಗೆ ಗಂಜಿ ಎಂದು ಬರೆದೆ, ಹೇಳಿದವಳ ಹೆಸರು ಸಮೇತ.
ಅಂಕ ಕೊಡುವ ಜಾಗದಲ್ಲಿ ನೊರೆ ಒಣಗಿ ಕಾಗದ ಉಬ್ಬಿತ್ತು.

ಸಂಜೆಯ ಬಸ್ಸು ಸಿದ್ದಾಪುರ ದಾಟಿದರೂ
ನಾಲಿಗೆಯ ಬುಡದಲ್ಲಿ ಒಂದು ಒಣ ಕಹಿ
ಹೇಳಲೋ ಬೇಡವೋ ಎಂಬಂತೆ ಕೂತೇ ಇತ್ತು.
ಉಗುಳಿಬಿಡಬಹುದಿತ್ತು. ಕಿಟಕಿ ತೆರೆದೇ ಇತ್ತು.