ತೆಗೆದದ್ದು, ಇಟ್ಟದ್ದು

ಎಪ್ಪತ್ತಾರರ ಬೇಸಿಗೆ. ನನಗೆ ಹತ್ತೊಂಬತ್ತು.
ಟಿನ್‌ಕಪ್ ತೊರೆಯ ದಂಡೆಗೆ ಸರಕಾರದ ಜೀಪು ಬಂತು.
ಇಳಿದವನು ಬೂಟು ಒದ್ದೆಯಾಗದ ಹಾಗೆ ನಿಂತು ಹೇಳಿದ:
ಬಿದ್ದ ಮರ ಮೀನಿಗೆ ಅಡ್ಡ. ತೆಗೆಯಿರಿ.

ತೆಗೆದೆವು.
ನಾನು, ನನ್ನಣ್ಣ ಟೋಯ್ವೊ, ಬಾಡಿಗೆಯ ಬುಲ್‌ಡೋಜರು.
ಇಬ್ಬರು ತಬ್ಬಿದರೂ ಕೈ ಕೂಡದ ರೆಡ್‌ವುಡ್ ದಿಮ್ಮಿಗಳಿಗೆ
ಸರಪಳಿ ಬಿಗಿದು, ಹಲ್ಲು ಕೀಳುವ ಹಾಗೆ ಕಿತ್ತೆವು,
ನಾಲ್ಕು ಮೈಲಿ, ಮೂರು ಬೇಸಿಗೆ.
ಬಾಚಿದ ಬೈತಲೆಯಂತೆ ನೇರವಾಯಿತು ತೊರೆ.
ಚೆಂದ ಕಂಡಿತು, ಸುಳ್ಳು ಯಾಕೆ ಹೇಳಲಿ.
ಕೂಲಿಯಲ್ಲಿ ಟೋಯ್ವೊ ಒಂದು ಗಿಟಾರ್ ಕೊಂಡ.

ಮಡುಗಳು ಜಲ್ಲಿ ತುಂಬಿ ಹೂತುಹೋದವು.
ಚಳಿಗಾಲದ ನೀರು ಎಲ್ಲೂ ತಂಗದೆ
ಮರಿಗಳನ್ನೂ ಎಳೆದುಕೊಂಡು ಕಡಲಿಗೆ ಓಡಿತು.
ಅಳಿವೆಯ ಮರಳುದಿಬ್ಬ ಒಡೆದ ರಾತ್ರಿ
ಕೋಹೋ ಸಾಲ್ಮನ್ ಏರಿ ಬರುವ ಸದ್ದಿಗೆ
ಅಮ್ಮ ನಿದ್ದೆಗೆಡುತ್ತಿದ್ದಳು, ಒಂದು ಕಾಲಕ್ಕೆ.
ಅವಳು ಸತ್ತ ವರ್ಷ ಸೇತುವೆಯ ಮೇಲೆ ನಿಂತು ಎಣಿಸಿದೆ:
ಮೂರು.
ಮೂರನೆಯದು ಮೀನೋ, ನೆರಳೋ.

ಈಗ ಡೆಲ್ಫೀನ್ ಬಂದಿದ್ದಾಳೆ, ಮೀನಿನ ಲೆಕ್ಕದವಳು,
ನಕ್ಷೆ ಹರಡಿ ಹೇಳುತ್ತಾಳೆ:
ಬಿದ್ದ ಮರವೇ ಮೀನಿಗೆ ಮನೆ. ಇಡಬೇಕು.
ಗಂಟೆಗೆ ಮೂವತ್ತೆಂಟು ಡಾಲರು.
ನನಗೆ ನಗು ಬಂತು. ತೆಗೆಯಲೂ ಕೂಲಿ, ಇಡಲೂ ಕೂಲಿ,
ಈ ತೊರೆ ನನ್ನನ್ನು ಎರಡು ಸಲ ಸಾಕಿತು.
ಅವಳು ನಗಲಿಲ್ಲ.
ಎಲ್ಲೆಲ್ಲಿಂದ ತೆಗೆದಿರಿ, ನೆನಪಿದೆಯಾ?

ನೆನಪಿತ್ತು. ತಲೆಗಲ್ಲ, ಸೊಂಟಕ್ಕೆ.
ಇಲ್ಲಿ, ಈ ತಿರುವಿನಲ್ಲಿ. ಅಲ್ಲಿ, ಆಲ್ಡರ್ ಬುಡದಲ್ಲಿ.
ಮೇಲಿನ ಹುಲ್ಲಿನಲ್ಲಿ ಜರಿಗಿಡ ಹೊದ್ದು ಒಂದು ದಿಮ್ಮಿ
ಐವತ್ತು ವರ್ಷಕ್ಕೂ ಕೊಳೆಯದೆ ಬಿದ್ದಿತ್ತು.
ಪಾಚಿ ಕೆರೆದರೆ ತುದಿಯಲ್ಲಿ ಟೋಯ್ವೊನ ಕೊಡಲಿ,
ಎಡಗೈಯವನ ಓರೆ ಏಟು.
ಅಣ್ಣನಿಗೆ ಗೋರಿಯಿಲ್ಲ.
ಬೂದಿಯನ್ನು ಅವನ ಎರಡನೆಯ ಹೆಂಡತಿ ನೆವಾಡಕ್ಕೆ ಒಯ್ದಳು.

ಅದನ್ನೇ ಮೊದಲು ಇಳಿಸಿದೆವು.
ಹೆಸರು ಮರೆತ ನೆಂಟನನ್ನು ಕಂಡವರ ಹಾಗೆ
ನೀರು ಒಂದು ಗಳಿಗೆ ತಡವರಿಸಿತು,
ಆಮೇಲೆ ಸುತ್ತಿ ಬಂದು
ದಿಮ್ಮಿಯಡಿಯ ಜಲ್ಲಿಯನ್ನು ಕೆದಕತೊಡಗಿತು.

ಎರಡು ಚಳಿಗಾಲ ಕಳೆದಿದೆ.
ಡೆಲ್ಫೀನ್ ರಬ್ಬರಿನ ಉಡುಪಿನಲ್ಲಿ ಬೋರಲಾಗಿ ತೇಲುತ್ತಾಳೆ,
ದಿಮ್ಮಿಯ ಕೆಳಗಿನ ಕತ್ತಲಿಗೆ ಟಾರ್ಚು ಹಿಡಿದು.
ದಂಡೆಯಲ್ಲಿ ನಾನು, ಲೆಕ್ಕದ ಪುಸ್ತಕ, ಪೆನ್ಸಿಲು.
ಬಹಳ ಹೊತ್ತು ಬರೀ ಕೊಳವೆಯ ಉಸಿರು.
ಆಮೇಲೆ ನೀರಿನಿಂದ ಒಂದು ಕೈ ಎದ್ದಿತು,
ಎರಡು ಬೆರಳು.

ಎರಡೋ, ಇಪ್ಪತ್ತೋ, ಕೇಳಲಿಲ್ಲ.
ಒದ್ದೆ ಹಾಳೆ ಪೆನ್ಸಿಲಿನ ಮೊನೆಗೆ ಹರಿಯಿತು.