ಒಂದೇ ಗುಂಡಿ

ಕ್ಲಾಕ್ಸ್‌ವೀಕ್ ಬಂದರಿನಲ್ಲಿ
ನಮ್ಮ ತಂತ್ರಾಂಶಕ್ಕೆ ಇರುವುದು ಒಂದೇ ಗುಂಡಿ:
'ಬಂದೆ.'
ದೋಣಿ ಕಟ್ಟಿದವನು ಒತ್ತುತ್ತಾನೆ.
ಗುಡ್ಡದ ಮೇಲಿನ ಯಾವುದೋ ಅಡುಗೆಮನೆಯಲ್ಲಿ
ಹಸಿರು ಚುಕ್ಕಿ ಹತ್ತುತ್ತದೆ,
ಆಲೂಗಡ್ಡೆಗೆ ನೀರಿಡುತ್ತಾರೆ.

ಇದಕ್ಕೆ ಸಂಬಳ ಬೇರೆ, ಎಂದು ನಗುತ್ತಿದ್ದೆ, ಹೊಸಬ.
ಮೂರು ತಿಂಗಳು ಕೂತು ನಕ್ಷೆಯೊಂದನ್ನು ಕಟ್ಟಿದೆ:
ಯಾವ ದೋಣಿ ಎಲ್ಲಿ, ಎಷ್ಟು ಹೊತ್ತಿನಿಂದ.
ಕಡಲ ತುಂಬ ಇರುವೆ ಬಿಟ್ಟ ಹಾಗೆ.
ಚೆಂದ ಇತ್ತು. ಈಗಲೂ ಹೇಳುತ್ತೇನೆ, ಚೆಂದ ಇತ್ತು.

ಸುನ್ವಾ ನೋಡಿದಳು,
ಕನ್ನಡಕ ಒರೆಸಿ ಮತ್ತೆ ನೋಡಿದಳು.
ಬೈಯಲಿಲ್ಲ. ಕೋಟು ತೊಟ್ಟು ಕರೆದೊಯ್ದಳು
ಬ್ರೆಸ್ಟಿರ್ ಬಲೆ ಹೆಣೆಯುತ್ತಿದ್ದಲ್ಲಿಗೆ.
'ನಿನ್ನೆ ಅಷ್ಟು ಮೀನು ಎಲ್ಲಿ ಸಿಕ್ಕಿತು?'
'ನೀರಲ್ಲಿ.'
'ಯಾವ ಕಡೆ ನೀರು?'
'ಒದ್ದೆ ಇರುವ ಕಡೆ.'
ಸಾಯುವ ಮುಂಚೆ ಅವನಪ್ಪ ಆ ಜಾಗವನ್ನು
ಕಿವಿಯಲ್ಲಿ ಹೇಳಿದ್ದನಂತೆ,
ತಮ್ಮನನ್ನು ಕೋಣೆಯಾಚೆ ಕಳಿಸಿ.

ವಾಪಸು ಬರುವಾಗ ಮಾತು ಗಾಳಿಪಾಲು.
ಮೀನಿನ ಗೋದಾಮಿನ ಮರೆಗೆ ನಿಂತು ಅಂದಳು:
'ನಕ್ಷೆ ಬಂದ ದಿನವೇ ಇವನು
ಫೋನನ್ನು ಮನೆಯಲ್ಲಿ ಬಿಟ್ಟು ಹೋಗುತ್ತಾನೆ.
ಬಂದನೋ ಇಲ್ಲವೋ, ಆಮೇಲೆ ಯಾರು ಹೇಳಬೇಕು?'

ಕೋಟಿನ ಗುಂಡಿ ಎದೆ ಬೆಚ್ಚಗಿಡುತ್ತದೆ,
ದಾರಿಯ ಗುಂಡಿ ಕಾಲು ಮುರಿಯುತ್ತದೆ,
ಹೆಸರು ಮಾತ್ರ ಒಂದೇ.

ಅವಳ ಮೇಜಿನಲ್ಲೊಂದು ನೀಲಿ ಪುಸ್ತಕ,
ಮಾಡದೆ ಬಿಟ್ಟದ್ದರ ಲೆಕ್ಕ.
ಮೀನಿನ ಪೇಟೆ ಧಾರಣೆ. ಹುಟ್ಟುಹಬ್ಬದ ಶುಭಾಶಯ.
ಮೊದಲು ಯಾರು ಬಂದರೆಂಬ ಪಟ್ಟಿ, ಪಕ್ಕದಲ್ಲಿ
'ಬಿರುಗಾಳಿಯಲ್ಲಿ ಪೈಪೋಟಿಯೇ?'
'ತಡವಾದರೆ ಗಂಟೆ ಹೊಡೆಯಲಿ' ಎಂಬ ಸಾಲನ್ನು ಮಾತ್ರ
ಆರು ವರ್ಷವಾದರೂ ಹೊಡೆದು ಹಾಕಿಲ್ಲ, ಮಾಡಿಯೂ ಇಲ್ಲ.
ಅಲ್ಲಿ ಶಾಯಿ ಒತ್ತಿ ಒತ್ತಿ ಕಾಗದ ಸವೆದಿದೆ.
ನಾನು ಕೇಳಲಿಲ್ಲ.

ನಾಲ್ಕು ಸಾವಿರ ಸಾಲು ಅಳಿಸಿದೆ.
ಒಂದು ಪ್ರತಿ ಬಚ್ಚಿಟ್ಟಿದ್ದೇನೆ, ಅದು ಅವಳಿಗೆ ಗೊತ್ತು.

ಫೆಬ್ರುವರಿಯ ಒಂದು ರಾತ್ರಿ, ಹಿಮಗಾಳಿ,
ಧಕ್ಕೆಯ ದೀಪಕ್ಕೇ ದಾರಿ ಕಾಣದಂಥ ಕತ್ತಲು.
ಬ್ರೆಸ್ಟಿರ್ ಬಂದ. ಹಗ್ಗ ಬಿಗಿದ.
ಬೆರಳು ಮರಗಟ್ಟಿ, ಕೈಗವಸು ಕಳಚಲು ಬಾರದೆ
ಚುಕ್ಕಾಣಿ ಪಕ್ಕದ ಫೋನಿಗೆ ಬಾಗಿ
ಮೂಗಿನಿಂದ ಒತ್ತಿದ.

ಅಷ್ಟು ದೊಡ್ಡದು ಆ ಗುಂಡಿ,
ಪಕ್ಕದಲ್ಲಿ ಇನ್ನೇನೂ ಇಲ್ಲವಲ್ಲ.